ಜಾಗಟೆಗೆ ಬೆಚ್ಚದ ಕುದುರೆ

ಮೇ 9, ಬೆಳಿಗ್ಗೆ

ಇವತ್ತೂ ಬೇಗ ಎದ್ದೆ. ಕ್ಲಿನಿಕ್ ತೆರೆಯುವುದರೊಳಗೆ ಕುದುರೆಯ ಮೇಲೆ ಒಂದು ಸುತ್ತು ಆಯಿತು. ಕಾಪೆಯ ಕಿವಿಯಿಂದ ಉಣ್ಣಿ ಕಿತ್ತೆ, ಹೊಳೆಯಲ್ಲಿ ಮೈ ತೊಳೆದೆ. ಪಕ್ಕೆಲುಬು ಈಗ ಎದ್ದು ಕಾಣುವುದಿಲ್ಲ. ಕೊಳೆ ಹೋಗಿ ಬಣ್ಣ ಹೊರಬಿದ್ದಿದೆ — ಹುರಿದ ಕಾಫಿಬೀಜದ ಬಣ್ಣ. ಅದಕ್ಕೇ ಆ ಹೆಸರು. ನಾನು ಹುಟ್ಟಿದ ದ್ವೀಪ ಮಸ್ಬಾತೆಯಲ್ಲಿ, ನಮ್ಮ ಮನೆಯಲ್ಲಿ, ಕಾಫಿಗೆ ಕಾಪೆ ಎನ್ನುತ್ತಿದ್ದೆವು.

ಮನೆ ಬಿಟ್ಟ ಮೇಲೆ ಹೋದಲ್ಲೆಲ್ಲ ಕುದುರೆ ಹುಡುಕಿದ್ದೇನೆ. ದುಬೈಯಲ್ಲಿ ರಜೆಯ ದಿನ ಬಾಡಿಗೆಗೆ — ಬೇಲಿಯೊಳಗೆ ಗಾಣದೆತ್ತಿನ ಹಾಗೆ ಸುತ್ತುವುದು. ಸಿಂಗಾಪುರದಲ್ಲಿ ಕ್ಲಬ್ಬಿನ ಗೇಟಿನವರೆಗೆ ಮಾತ್ರ. ಈ ಸುಂಬಾದಲ್ಲಿ ನರ್ಸ್ ಕೆಲಸ ಸಿಕ್ಕಾಗ ಕುಣಿದಾಡಿದ್ದೆ, ಕುದುರೆಗಳ ದ್ವೀಪ ಎಂದು. ಇಲ್ಲಿ ರೇಸಿನವರು ಹತ್ತಿರ ಸೇರಿಸಲಿಲ್ಲ. ಬೀಚಿನ ಕುದುರೆಗಳು ಫೋಟೋಗೆ. ಕೊನೆಗೆ ಕ್ಲಿನಿಕ್ಕಿಗೆ ಬಂದ ಉಂಬು ಲಾಪುವಿನ ಕೈಗೆ ಹೊಲಿಗೆ ಹಾಕುತ್ತ ನಾಚಿಕೆ ಬಿಟ್ಟು ಕೇಳಿದೆ. "ಹಿತ್ತಲಲ್ಲಿ ಒಂದು ನರಪೇತಲ ಇದೆ, ಒದೆಯುತ್ತೆ. ಧೈರ್ಯ ಇದ್ರೆ ಹತ್ತಿ ಸಿಸ್ಟರ್" ಎಂದ.

ಅವನ ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಇನ್ನೂ ಮಣ್ಣು ಮಾಡಿಲ್ಲ, ಇಲ್ಲಿಯ ಪದ್ಧತಿಯಲ್ಲಿ ನೆಂಟರೆಲ್ಲ ಕೂಡಬೇಕು. ಮುಂದಿನ ಕೋಣೆಯಲ್ಲಿ ಬಟ್ಟೆಗಳ ಸುತ್ತಿನೊಳಗೆ ಮೊಣಕಾಲು ಮಡಚಿ ಕೂತಿದ್ದಾನೆ. ಸೊಸೆ, ಲಾಪುವಿನ ಹೆಂಡತಿ ರಂಬು ಇತಾ ದಿನಾ ಅವನ ಮುಂದೆ ಕಾಫಿ ಇಡುತ್ತಾಳೆ. ನಾನೂ ಹಗ್ಗ ಬಿಚ್ಚುವ ಮೊದಲು ಬಾಗಿಲಲ್ಲಿ ನಿಂತು ಹೇಳುತ್ತೇನೆ: "ಅಜ್ಜ, ನಿಮ್ಮ ಕುದುರೆ ಒಂದಿಷ್ಟು ಹೊತ್ತು ಕೊಡಿ." ಹಿರಿಯರಿರುವ ಮನೆ. ಹೇಳದೆ ಹೇಗೆ ಒಯ್ಯುವುದು?

ಇತಾ ನಗುತ್ತಾಳೆ. "ನಮ್ಮಾವ ಬದುಕಿದ್ದಾಗ ಒಂದು ಕೋಳಿ ಕೇಳಿದ್ರೂ ಕೊಡ್ತಿರ್ಲಿಲ್ಲ. ಈಗ ನೋಡು, ತೆಪ್ಪಗೆ ಕೊಡ್ತಾರೆ."

ಮೇ 23

ಪಕ್ಕದ ಊರಲ್ಲಿ ಸಾವು. ಜಾಗಟೆ ಶುರುವಾದದ್ದೇ ತಡ, ಕಾಪೆ ಬೆಚ್ಚಿಬಿದ್ದು ನನ್ನನ್ನು ಕಳ್ಳಿಪೊದೆಗೆ ಎಸೆದು ಓಡಿಹೋಯಿತು. ಸೊಂಟ ಹಿಡಿದುಕೊಂಡಿದೆ. ರೋಗಿಗಳೇ ನನಗೆ ಎಣ್ಣೆ ಹಚ್ಚಿಕೋ ಎಂದು ಹೇಳಿ ಹೋದರು.

ಹೀಗಾದರೆ ನಡೆಯುವುದಿಲ್ಲ. ಈ ದ್ವೀಪದಲ್ಲಿ ಜಾಗಟೆ ಇಲ್ಲದ ವಾರ ಎಲ್ಲಿದೆ... ಇತಾ ಜಾಗಟೆ ಬಡಿಯುವುದು, ನಾನು ಅದೇ ಹೊತ್ತಿಗೆ ಜೋಳ ತಿನ್ನಿಸುವುದು ಎಂದಾಯಿತು. ಮೊದಲು ದೂರದಿಂದ, ಮೆಲ್ಲಗೆ.

ಅದೇ ಹಿತ್ತಲಲ್ಲಿರುವ ಇತಾಳ ಕುದುರೆ ಬೂದ ಒಂದೇ ಏಟಿಗೆ ಬೇಲಿಯ ತುದಿಗೆ ಓಡಿ ನಿಂತ. ತಾಯಿ ಸತ್ತ ಮರಿ. ಬಾಟಲಿಯಲ್ಲಿ ಗಂಜಿ ಕುಡಿಸಿ ಬೆಳೆಸಿದ್ದಾಳೆ. ಮಕ್ಕಳಿಲ್ಲ ಅವಳಿಗೆ.

"ಪುಕ್ಕಲ. ಥೇಟ್ ನನ್ನ ಗಂಡನ ಹಾಗೆ" ಎಂದಳು.

ಜೂನ್ 11

ಇವತ್ತು ಮೆರವಣಿಗೆಯ ನಡುವೆಯೇ ಹಾದುಬಂದೆವು. ಎರಡೂ ಕಡೆ ಜಾಗಟೆ. ಕಾಪೆ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಜನ ನಿಂತು ನೋಡಿದರು. ಒಬ್ಬ ಮುದುಕ ಎಲೆಅಡಿಕೆ ಉಗಿಯುವುದನ್ನೂ ಮರೆತ. ಇಳಿದ ಮೇಲೆ ಅದು ಮೂತಿಯನ್ನು ನನ್ನ ಕಂಕುಳಿಗೆ ತುರುಕಿತು — ಜೋಳ ಎಲ್ಲಿ ಎಂದು.

ಲಾಪು ಎಲ್ಲರೆದುರು ಹೇಳಿದ: "ನೋಡ್ರಿ, ನಮ್ಮ ನರಪೇತಲ. ಸಿಸ್ಟರ್ ಕೈಗುಣ." ನಾನೂ ಸುಮ್ಮನಿರಲಿಲ್ಲ, ಹೇಗೆ ಪಳಗಿಸಿದೆ ಎಂದು ಉದ್ದಕ್ಕೆ ಹೇಳಿದೆ. ಖುಷಿಯಾಗಿತ್ತು. ಇಷ್ಟು ಖುಷಿ ಯಾವ ದೇಶದಲ್ಲೂ ಆಗಿರಲಿಲ್ಲ.

ಜೂನ್ 28

ಹಿರಿಯರು ಕೂಡಿದ್ದರು. ಮಣ್ಣು ಮಾಡುವುದು ಆಗಸ್ಟ್ ಕೊನೆಗೆ ಎಂದು ಗೊತ್ತಾಯಿತು. ನನ್ನನ್ನೂ ಕರೆದು ಕಾಫಿ ಕೊಟ್ಟರು. ಯಾಕೆಂದು ತಿಳಿಯಲಿಲ್ಲ.

ಲಾಪುವಿನ ದೊಡ್ಡಪ್ಪ ಹೇಳಿದ: "ಅಣ್ಣತಮ್ಮಂದಿರು ಯಾವ ಕುದುರೆ ಅಂತ ಜಗಳ ಆಡ್ತಿದ್ರು. ಇನ್ನೇನು ಜಗಳ? ಸತ್ತ ನನ್ನ ತಮ್ಮನ ಕುದುರೆ ಯಾವ್ದು ಅಂತ ನೀನೇ ದಿನಾ ಬಾಗ್ಲಲ್ಲಿ ನಿಂತು ಹೇಳಿದ್ದೀಯ. ನಿಮ್ಮ ಕುದುರೆ ಕೊಡಿ ಅಂತ. ಊರೆಲ್ಲ ಕೇಳಿಸ್ಕೊಂಡಿದೆ."

ಲಾಪುವಿನ ಕಣ್ಣು ತುಂಬಿತ್ತು. "ಜಾಗಟೆಗೂ ಹೆದರಲ್ಲ. ಅಪ್ಪನ್ನ ಕೆಡವದೆ ಕರ್ಕೊಂಡು ಹೋಗುತ್ತೆ. ನಿಮ್ಮ ಉಪಕಾರ ಮರೆಯಲ್ಲ ಸಿಸ್ಟರ್."

ಸತ್ತವನು ಆಚೆ ಲೋಕಕ್ಕೆ ಹತ್ತಿಹೋಗಲೆಂದು ಅವನ ಕುದುರೆಯನ್ನು ಗೋರಿಯ ಮುಂದೆ ಕಡಿಯುತ್ತಾರೆ. ಇಲ್ಲಿ ಆರು ವರ್ಷದಿಂದ ಇದ್ದೇನೆ, ಎಷ್ಟೋ ನೋಡಿದ್ದೇನೆ. ಮಾಂಸದ ಪಾಲನ್ನೂ ಮನೆಗೆ ತಂದಿದ್ದೇನೆ.

ಸಂತೋಷ ಎಂದೆ. ಬಾಯಿಂದ ಅದೇ ಬಂತು... ಸಂತೋಷ.

ಜುಲೈ 5

ಸವಾರಿ ಮಾಡಿಲ್ಲ. ಹೋಗಿ ಲಾಪುವನ್ನು ಕೇಳಿಯೇಬಿಟ್ಟೆ, ಬೇರೆ ಕುದುರೆ ಆಗುವುದಿಲ್ಲವೇ ಎಂದು. ಅವನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ವಾಸಿಯಿತ್ತು.

"ಅಪ್ಪನ ಹೆಸರಿಗೆ ಆಗೋಗಿದೆ. ವಾಪಸ್ ತಗೊಂಡು ಅವ್ರನ್ನ ನಡೆಸ್ಕೊಂಡು ಕಳಿಸ್ಲಾ?"

"ಒಂದ್ವೇಳೆ ಅದು ಮತ್ತೆ ಜಾಗಟೆಗೆ ಹೆದರಿದ್ರೆ?"

"ಅಂಥದ್ದು ಬೇಡವೇ ಬೇಡ. ದಾರಿಲಿ ಕೆಡವಿಬಿಡುತ್ತೆ. ಆದ್ರೆ ನೀವು ಕಲಿಸಿದ ಮೇಲೆ ಅದೆಲ್ಲಿ ಹೆದರುತ್ತೆ?"

ಆ ಮಾತು ಹಿಡಿದುಕೊಂಡು ಮನೆಗೆ ಬಂದೆ.

ಜುಲೈ 8

ಗುಡ್ಡದ ಹಿಂದೆ ಕರೆದೊಯ್ದೆ. ಹಳೆಯ ಬಾಣಲೆ, ಒಂದು ಹಗ್ಗದ ತುಂಡು. ಬಾಣಲೆ ಬಡಿದೆ — ಕಾಪೆ ಜೋಳ ಸಿಗುತ್ತದೆಂದು ಹತ್ತಿರ ಬಂತು. ಹೊಡೆದೆ. ಮೂತಿಗೇ ಹೊಡೆದೆ. ಅದು ನಿಂತು ನನ್ನನ್ನು ನೋಡಿತು. ಏನೋ ಕೈತಪ್ಪಿ ಬಿತ್ತು ಎಂದುಕೊಂಡಿರಬೇಕು. ಮತ್ತೆ ಕಂಕುಳಿಗೆ ಮೂತಿ ಇಟ್ಟಿತು.

ಮತ್ತೆ ಬಾಣಲೆ. ಮತ್ತೆ ಹಗ್ಗ.

ಜುಲೈ 9

ಇವತ್ತೂ.

ಜುಲೈ 12

ಈಗ ಬಾಣಲೆ ಕಂಡರೇ ಕಣ್ಣು ಬೆಳ್ಳಗಾಗುತ್ತದೆ. ನನ್ನ ಕೈ ಮೇಲೆದ್ದರೆ ಸಾಕು, ಕಾಪೆ ನಡುಗುತ್ತದೆ. ಜೀವ ಉಳಿಸುತ್ತಿದ್ದೇನೆ, ಇದು ಔಷಧ ಎಂದು ಹೇಳಿಕೊಳ್ಳುತ್ತಿದ್ದೇನೆ. ಎಷ್ಟು ಮಕ್ಕಳಿಗೆ ಸೂಜಿ ಚುಚ್ಚಿಲ್ಲ ನಾನು.

ಅಜ್ಜನ ಬಾಗಿಲಿಗೆ ಈಗ ಹೋಗುವುದಿಲ್ಲ. ಹಿತ್ತಲಿಂದಲೇ ಹಗ್ಗ ಬಿಚ್ಚಿ ಒಯ್ಯುತ್ತೇನೆ.

ಜುಲೈ 20

ಇವತ್ತು ಹಿರಿಯರು ನಡೆಸಿ ನೋಡಿದರು. ಮೊದಲ ಜಾಗಟೆಗೇ ಕಾಪೆ ಹಗ್ಗ ಕಿತ್ತುಕೊಂಡು ಓಡಿತು. ದೊಡ್ಡಪ್ಪನ ಮೊಣಕೈ ತರಚಿತು. ನಾನೇ ಬ್ಯಾಂಡೇಜ್ ಕಟ್ಟಿದೆ. "ನಮ್ಮ ತಮ್ಮಂಗೆ ಇದು ಇಷ್ಟ ಇಲ್ಲ ಅಂತ ಕಾಣುತ್ತೆ" ಎಂದ. ಅಷ್ಟೇ.

ಬದುಕಿತು. ಅಂಗಳದಲ್ಲೇ ಕೂತೆ. ಅಳು ಬಂತು. ಲಾಪು ಅದನ್ನು ಬೇರೆ ಥರ ತಿಳಿದ. ಪಕ್ಕದಲ್ಲಿ ಕೂತು, "ಅಳಬೇಡಿ ಸಿಸ್ಟರ್. ನಿಮ್ಮ ಶ್ರಮ ಹಾಳಾಯ್ತು ನಿಜ. ಈ ಕುದುರೆ ನಿಮಗೇ ಇರ್ಲಿ. ನಮಗಂತೂ ಇನ್ನು ಉಪಯೋಗಕ್ಕೆ ಬರಲ್ಲ" ಎಂದ.

ನನಗೆ. ಪರದೇಶದಲ್ಲಿ ನನ್ನದೇ ಒಂದು ಕುದುರೆ.

ಹಾಗಾದರೆ ಅಪ್ಪನಿಗೆ ಯಾವುದು ಎಂದು ಕೇಳಲಿಲ್ಲ. ಕೇಳಬೇಕಾಗಿಯೂ ಬರಲಿಲ್ಲ. ಆ ಹಿತ್ತಲಲ್ಲಿ ಇನ್ನು ಇರುವುದು ಒಂದೇ. ಇದು ನನಗೆ ಮೊದಲೇ ಹೊಳೆಯಲಿಲ್ಲವೇ? ಹೊಳೆದಿತ್ತು. ನೆಂಟರಲ್ಲಿ ಯಾರಾದರೂ ತರುತ್ತಾರೆ ಎಂದು ಪಕ್ಕಕ್ಕಿಟ್ಟಿದ್ದೆ.

ಜುಲೈ 22, ಕ್ಲಿನಿಕ್‌ನಲ್ಲಿ

ಇತಾ ಬಂದಿದ್ದಳು. ಹೊಟ್ಟೆನೋವು ಎಂದಳು. ಹೊಟ್ಟೆಯಲ್ಲಿ ಏನೂ ಇಲ್ಲ.

"ಬೂದ ಆಗ್ಲಿ, ಬೇರೆ ಇಲ್ಲವಲ್ಲ ಅಂದ್ರು. ನಾನೂ ಹೂಂ ಅಂದೆ. ಮಾವನಿಗೆ ಕೊಡದೆ ಇನ್ಯಾರಿಗೆ ಕೊಡ್ಲಿ?" ಸೆರಗಿನಂತೆ ಹೆಗಲ ಮೇಲೆ ಹಾಕಿದ್ದ ಬಟ್ಟೆಯ ಅಂಚನ್ನು ಸುತ್ತುತ್ತಲೇ ಇದ್ದಳು. "ಆದ್ರೆ ಅವನು ಪುಕ್ಕಲ, ನಿಂಗೊತ್ತಲ್ಲ. ಆವತ್ತು ಅಷ್ಟು ಜನ, ಅಷ್ಟು ಜಾಗಟೆ... ಹೆದ್ರಿಕೊಂಡೇ ಸಾಯೋದು ಬೇಡ. ಕಾಪೆಗೆ ಕಲಿಸಿದ್ಯಲ್ಲ, ಹಾಗೇ ಕಲಿಸ್ತೀಯಾ? ಜಾಗಟೆ ನಾನೇ ಬಡೀತೀನಿ."

ಹೂಂ ಎಂದೆ.

ಆಗಸ್ಟ್ 3

ಹೇಳಿಬಿಡಬೇಕೆಂದು ಹೋದೆ. ಹೇಳಿದರೆ ಕಾಪೆ ಮತ್ತೆ ಗೋರಿಯ ಮುಂದೆ. ಬಿಟ್ಟರೆ ಬೂದ. ಬೂದನಿಗೂ ಹಗ್ಗದ ಪಾಠ ಮಾಡೋಣವೇ? ಆಗ ಲಾಪುವಿನ ಅಪ್ಪ ನಡೆದುಕೊಂಡು ಹೋಗಬೇಕು. ನನ್ನನ್ನು ಮಗಳ ಹಾಗೆ ನೋಡಿಕೊಂಡ ಮನೆ.

ಬಾಯಿ ತೆರೆದೆ. ಇತಾ ಜಾಗಟೆ ಎತ್ತಿದಳು. ಬೂದ ನಡುಗಿದ. ನಾನು ಅಂಗೈಯಲ್ಲಿ ಜೋಳ ಚಾಚಿದೆ.

ಬಹಳ ಬೇಗ ಕಲಿಯುತ್ತಿದ್ದಾನೆ.

ಆಗಸ್ಟ್ 16

ಕಾಪೆಯನ್ನು ಕ್ಲಿನಿಕ್ ಹಿಂದೆ ಕಟ್ಟಿದ್ದೇನೆ. ಮೇವು ಇಟ್ಟು ಒಳಗೆ ಬಂದ ಮೇಲೆಯೇ ತಿನ್ನುತ್ತದೆ. ಜೀನು ತೋರಿಸಿದರೆ ಗೋಡೆಗೆ ಒತ್ತಿಕೊಂಡು ಬೆವರುತ್ತದೆ. ಇವತ್ತು ಬರಿಗೈ ಚಾಚಿ ತುಂಬಾ ಹೊತ್ತು ನಿಂತೆ. ಬರಲಿಲ್ಲ. ಬರಬಾರದು ಕೂಡ. ನನಗೆ ಹೀಗೇ ಆಗಬೇಕು.

ಬೂದ ಈಗ ಜಾಗಟೆ ಕೇಳಿದರೆ ಓಡಿ ಬರುತ್ತಾನೆ. ಇತಾ ಹಿಗ್ಗಿದಳು. "ನಿನ್ನ ಹಿಂದೆ ಕರುವಿನ ಹಾಗೆ ಬರ್ತಾನಲ್ಲೇ. ನನ್ನನ್ನೇ ಮರ್ತ, ಕಳ್ಳ." ಆಮೇಲೆ ಮುಖ ತಿರುಗಿಸಿ, "ಮರೀಲಿ ಬಿಡು" ಎಂದಳು.

ಅವಳಿಗೆ ಎಲ್ಲ ಗೊತ್ತಾಗಿ ನನ್ನ ಕೆನ್ನೆಗೆ ಬಾರಿಸಿದ್ದರೆ ಚೆನ್ನಾಗಿತ್ತು. ಗೊತ್ತಿಲ್ಲ. ಬೇಯಿಸಿದ ಗೆಣಸು ಕೊಟ್ಟು ಕಳಿಸಿದಳು.

ಆಗಸ್ಟ್ 27, ಬೆಳಿಗ್ಗೆ

ರಾತ್ರಿಯಿಂದ ಊರು ತುಂಬಿದೆ. ಅಜ್ಜನನ್ನು ಹೊರಗೆ ತಂದಿದ್ದಾರಂತೆ. ನಾನು ಒಳಗೇ ಇದ್ದೇನೆ. ಜ್ವರ ಎಂದು ಹೇಳಿ ಕಳಿಸಿದ್ದೆ.

ಈಗ ಇತಾ ಕಿಟಕಿಯ ಹತ್ತಿರ ಬಂದು ನಿಂತಿದ್ದಾಳೆ. ಹೊಸ ಬಟ್ಟೆ ಉಟ್ಟಿದ್ದಾಳೆ. ಕಣ್ಣು ಊದಿದೆ. ಬೂದ ಯಾರು ಹಿಡಿದರೂ ಹೆಜ್ಜೆ ಕೀಳುತ್ತಿಲ್ಲವಂತೆ. "ಹಗ್ಗ ಎಳೆದಾಡ್ತಿದ್ದಾರೆ, ನಂಗೆ ನೋಡಕ್ಕಾಗ್ತಿಲ್ಲ. ಸ್ವಲ್ಪ ದೂರ ತಾನೇ. ನೀನು ಮುಂದೆ ನಡೆದ್ರೆ ಬರ್ತಾನೆ. ಬಾರೇ."

ಜಾಗಟೆ ಶುರುವಾಯಿತು. ಹಿಂದುಗಡೆ ಕಾಪೆ ಗೋಡೆಗೆ ಡಿಕ್ಕಿ ಹೊಡೆಯುತ್ತಿದೆ. ಇತಾ ನನ್ನ ಅಂಗೈಗೆ ಜೋಳ ಸುರಿದಳು. ಒಂದು ಕೈಯಲ್ಲೇ ಬರೆಯುತ್ತಿದ್ದೇನೆ. ಬೂದ ಆ ಗದ್ದಲದೊಳಗಿಂದ ನನ್ನ ಕಿಟಕಿಯನ್ನೇ ನೋಡುತ್ತಿದ್ದಾನೆ. ಪೆನ್ನು ಕೆಳಗಿಡುತ್ತಿದ್ದೇನೆ.