ಅಂದಾನೆಪ್ಪ ಮುತ್ಯಾನ ಏಳನೆಯ ಮೆಸೇಜು

ನೇಕಾರ ಓಣಿ, ಬೆಟಗೇರಿ
ನಲವತ್ತೊಂದನೆಯ ಡಬ್ಬಿ ಹೋದ ಐದನೆಯ ತಿಂಗಳು
(ನಿಮ್ಮ ಲೆಕ್ಕಕ್ಕೆ 2196ನೆಯ ಇಸವಿ, ಫೆಬ್ರುವರಿ 30)

ಪೂಜ್ಯ ಅಂದಾನೆಪ್ಪ ಮುತ್ಯಾ ಅವರಿಗೆ,

ನಿಮ್ಮಿಂದ ಏಳು ತಲೆ ಈಚಿನವಳಾದ ನೀಲಗಂಗಾ ಹೊಂಬಳ ಬರೆಯುತ್ತಿದ್ದೇನೆ. 'ಪೂಜ್ಯ' ಎಂದು ರೂಢಿಗೆ ಬರೆದಿದ್ದೇನೆ. ಪತ್ರ ಮುಗಿಯುವ ಹೊತ್ತಿಗೆ ಆ ಮಾತು ನನ್ನಲ್ಲಿ ಉಳಿದಿರುತ್ತದೆಂದು ಹೇಳಲಾರೆ. ನಿಮ್ಮ ಕ್ಯಾಲೆಂಡರಿನಲ್ಲಿ ಫೆಬ್ರುವರಿಗೆ ಮೂವತ್ತನೆಯ ತಾರೀಖೇ ಇರಲಿಲ್ಲವಂತೆ. ನಮ್ಮಲ್ಲಿದೆ. ತಿಂಗಳುಗಳನ್ನು ಸಮ ಮಾಡಿಕೊಳ್ಳುವಷ್ಟು ಜಾಣರಾಗಿದ್ದೇವೆ, ಹಲ್ಲು ಉಳಿಸಿಕೊಳ್ಳುವಷ್ಟು ಆಗಲಿಲ್ಲ. ನನ್ನ ಕೆಲವು ಮಾತು ನಿಮಗೆ ಅರ್ಥವಾಗದಿದ್ದರೆ ಕ್ಷಮಿಸಿ. ನಿಮ್ಮ ಕಾಲದಲ್ಲಿ ಅವುಗಳ ಅಗತ್ಯ ಬಿದ್ದಿರಲಿಲ್ಲ.

ಡಬ್ಬಿ ಎಂದರೆ ರೈಲಿನ ಡಬ್ಬಿಯೇ. ಅದರೊಳಗೆ ಇಬ್ಬರು ಹಲ್ಲಿನ ಡಾಕ್ಟರು, ಎರಡು ಕುರ್ಚಿ, ಒಂದು ಎಕ್ಸ್‌ರೇ ಯಂತ್ರ. ಹದಿನಾಲ್ಕು ತಿಂಗಳಿಗೊಮ್ಮೆ ಗದಗ ಜಂಕ್ಷನ್ನಿನ ಮೂರನೆಯ ಪ್ಲಾಟ್‌ಫಾರ್ಮಿಗೆ ಬಂದು ಆರು ದಿನ ನಿಲ್ಲುತ್ತದೆ. ನಾನೂರು ಜನರಿರುವ ನಮ್ಮ ಓಣಿಗೆ ಹನ್ನೆರಡು ಪಾಳಿ ಸಿಗುತ್ತವೆ. ರಾಜ್ಯಕ್ಕೆಲ್ಲ ಇಂಥ ಡಬ್ಬಿಗಳು ನಾಲ್ಕೇ. ಯಾಕೆ ಹೀಗಾಯಿತೆಂದು ತಿಳಿದವರು ದಪ್ಪ ಪುಸ್ತಕಗಳನ್ನು ಬರೆದಿದ್ದಾರೆ. ನನಗೆ ತಿಳಿದದ್ದು ಇಷ್ಟು: ನಿಮ್ಮ ಕಾಲದಲ್ಲಿ ನೋವಿಲ್ಲದೆ ಯಾರೂ ಡಾಕ್ಟರ ಹತ್ತಿರ ಹೋಗಲಿಲ್ಲ, ನೋವು ನಿಂತ ಮೇಲಂತೂ ಹೋಗಲೇ ಇಲ್ಲ. ಡಾಕ್ಟರುಗಳು ಹೊಟ್ಟೆಪಾಡಿಗೆ ಹಲ್ಲು ಬೆಳ್ಳಗೆ ಮಾಡುವ ಅಂಗಡಿ ಇಟ್ಟರು. ಬೆಳ್ಳಗೆ ಮಾಡಲು ಯಂತ್ರ ಬಂದಾಗ ಡಾಕ್ಟರುಗಳೇ ಬೇಡವಾದರು. ಕಾಲೇಜುಗಳು ಒಂದೊಂದಾಗಿ ಬಾಗಿಲು ಹಾಕಿದವು. ಆಗಿನ ಒಂದು ಅಂಗಡಿಯ ಬೋರ್ಡು ನಮ್ಮ ಓಣಿಯ ಸಭಾಮನೆಯಲ್ಲಿದೆ. ಮುಖವಿಲ್ಲ, ಬರೀ ನಗುವ ಬಾಯಿ. ಇದು ಯಾವ ದೇವರೆಂದು ಮಕ್ಕಳು ಕೇಳುತ್ತವೆ.

ಹೀಗಾಗಿ ನಾವು ಮನೆಯಲ್ಲೇ ಹಲ್ಲು ಕಾಯುತ್ತೇವೆ. ನಾನು ಈ ಓಣಿಯ ಬಾಯಿಗಾರ್ತಿ. ಪ್ರತಿ ಅಮಾವಾಸ್ಯೆಯ ಬೆಳಿಗ್ಗೆ ಸಭಾಮನೆಯ ಕಟ್ಟೆಯ ಮೇಲೆ ಕೂತು, ಚಮಚೆಯ ಹಿಂಬದಿಯಿಂದ ನಾಲಿಗೆ ಒತ್ತಿ, ಕನ್ನಡಿ ಹಿಡಿದು, ಎಲ್ಲರ ಬಾಯಿ ನೋಡುವುದು ನನ್ನ ಕೆಲಸ. ಬೆಳಿಗ್ಗೆ ಒಮ್ಮೆ, ಮಲಗುವ ಮುನ್ನ ಒಮ್ಮೆ ಹಲ್ಲುಗಂಟೆ ಹೊಡೆಯುತ್ತದೆ. ಶುರುವಿಗೆ ಒಂದು ಬಡಿತ, ಎರಡು ನಿಮಿಷ ಕಳೆದ ಮೇಲೆ ಮುಗಿಸಲು ಇನ್ನೊಂದು, ಅಷ್ಟು ಹೊತ್ತು ಇಡೀ ಓಣಿ ಮೆತ್ತನೆಯ ಬ್ರಷ್ಷಿನಿಂದ ಹಲ್ಲುಜ್ಜುತ್ತದೆ. ಫ್ಲೋರೈಡ್ ಇರುವ ಪೇಸ್ಟು ಬಟಾಣಿ ಕಾಳಿನಷ್ಟು. ಉಜ್ಜಿದ ಮೇಲೆ ಉಗುಳುತ್ತೇವೆ, ಆದರೆ ನೀರು ಹಾಕಿ ಬಾಯಿ ಮುಕ್ಕಳಿಸುವುದಿಲ್ಲ. ಪೇಸ್ಟಿನ ಅಂಶ ಹಲ್ಲಿನ ಮೇಲೆ ಉಳಿಯಲಿ ಎಂದು. ಹಲ್ಲುಸಂದಿಗೆ ಮಗ್ಗದ ರೇಷ್ಮೆ ಎಳೆ ಇದೆ, ಅದಕ್ಕೆ ಮೇಣ ತಿಕ್ಕಿಕೊಳ್ಳುತ್ತೇವೆ. ಇದ್ದಿಲು, ಇಟ್ಟಂಗಿ ಪುಡಿ, ಉಪ್ಪಿನ ಹರಳು ಹಿಡಿದು ಉಜ್ಜುವವರಿಗೆ ನನ್ನಿಂದ ಬೈಗುಳ ತಪ್ಪಿದ್ದಲ್ಲ. ಸಿಹಿ ಏನಿದ್ದರೂ ಊಟದ ಜೊತೆಗೇ. ನಡುಹೊತ್ತಿನಲ್ಲಿ ಬಂದ ನೆಂಟರಿಗೆ ಸಕ್ಕರೆ ಚಹ ಕೊಟ್ಟರೆ ಅವರಿಗೆ ಕೇಡು ಬಯಸಿದಂತೆ, ಬರೀ ನೀರು ಕೊಡುತ್ತೇವೆ. ಮುಂಡರಗಿ ಕಡೆಯ, ಫ್ಲೋರೈಡ್ ಹೆಚ್ಚಿರುವ ನೀರು ಕುಡಿದು ಹಲ್ಲು ಕಂದಾದ ಹೆಣ್ಣುಮಕ್ಕಳಿಗೆ ಮದುವೆಯ ಮಾತು ಬೇಗ ಕುದುರುತ್ತದೆ, ಅಂಥ ಹಲ್ಲು ಗಟ್ಟಿ ಎಂಬ ನಂಬಿಕೆಯಿಂದ. ಅದು ಪೂರ್ತಿ ನಿಜವಲ್ಲ. ನಾನು ಹೇಳಿದರೆ ಯಾರು ಕೇಳುತ್ತಾರೆ?

ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುತ್ತಿದ್ದಿರಂತೆ. ನಿಮಗೆ ಹಲ್ಲೂ ಇತ್ತು, ಕಡಲೆಯೂ ಇತ್ತು, ರಸ್ತೆಯ ಆ ಬದಿಗೆ ಡಾಕ್ಟರೂ ಇದ್ದರು.

ಇನ್ನು ಪಾಳಿದಾನದ ಮಾತು. ಇದನ್ನು ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಹನ್ನೆರಡು ಪಾಳಿಗಳು ನೋವಿರುವವರಿಗೆ. ಡಬ್ಬಿ ಬರುವಷ್ಟರಲ್ಲಿ ಯಾರ ನೋವು ನಿಂತಿರುತ್ತದೋ ಅವರು ತಮ್ಮ ಪಾಳಿಯನ್ನು ನೋವಿನಲ್ಲಿರುವ ಇನ್ನೊಬ್ಬರಿಗೆ ಬಿಟ್ಟುಕೊಡಬೇಕು. ಕಾನೂನೇನಲ್ಲ, ಮರ್ಯಾದೆ. ಕೊಟ್ಟವರ ಹೆಸರನ್ನು ಸಭಾಮನೆಯ ಗೋಡೆಯಲ್ಲಿ ಕೆತ್ತುತ್ತಾರೆ. ಆ ಹೆಸರುಗಳ ಮೇಲೆ, ಗಾಜಿನ ಚೌಕಟ್ಟಿನಲ್ಲಿ, ನಿಮ್ಮ ಮಾತಿದೆ. ನಿಮ್ಮ ಫೋನಿನಿಂದ ದವಾಖಾನೆಗೆ ಹೋದ ಮೆಸೇಜು: "ನೋವು ನಿಂತೈತ್ರಿ. ನನ್ನ ಪಾಳಿ ಯಾರರೆ ನೋವು ಇದ್ದವರಿಗೆ ಕೊಡ್ರಿ." ನೀವು ತೀರಿಕೊಂಡ ಮೇಲೆ ನಿಮ್ಮ ಮೊಮ್ಮಗಳು ನೆನಪಿಗೆಂದು ಅಚ್ಚು ಹಾಕಿಸಿ ಇಟ್ಟುಕೊಂಡದ್ದು. ಡಬ್ಬಿ ಶುರುವಾದ ವರ್ಷ ನನ್ನ ಅವ್ವನ ಕಾಲದವರು ಅದನ್ನು ಸಭಾಮನೆಗೆ ತಂದು ತೂಗುಹಾಕಿದರು. ಡಾಕ್ಟರು ಬೇಕಾದಷ್ಟಿದ್ದ ಕಾಲದಲ್ಲೇ ಇಂಥ ದೊಡ್ಡ ಮನಸ್ಸಿನವರು ನಮ್ಮ ಮನೆತನದಲ್ಲಿದ್ದರಲ್ಲ ಎಂದು ಎಲ್ಲರಿಗೂ ಹೆಮ್ಮೆ. ನಾನು ಓದಲು ಕಲಿತದ್ದೇ ಆ ಎರಡು ಸಾಲುಗಳಿಂದ.

ನನಗೆ ಒಬ್ಬಳೇ ಮಗಳು, ಶಿವಲೀಲಾ. ಇಪ್ಪತ್ತಾರು ವರ್ಷ. ಮಗ್ಗದ ಮೇಲೆ ಕೂತರೆ ಏಳುತ್ತಿರಲಿಲ್ಲ. ನೂಲನ್ನು ಹಲ್ಲಿನಿಂದಲೇ ಕಡಿಯುತ್ತಿದ್ದಳು. ಕತ್ತರಿ ಕೈಗೇ ಕಟ್ಟಿಕೊಟ್ಟರೂ ಬಿಡಲಿಲ್ಲ. ಮುಂದಿನ ಹಲ್ಲಿನಲ್ಲಿ ಸಣ್ಣ ಕಚ್ಚು ಬಿದ್ದಿತ್ತು, ನಕ್ಕರೆ ಕಾಣುತ್ತಿತ್ತು. ಕೆಟ್ಟದ್ದು ಆ ಹಲ್ಲಲ್ಲ. ಕೆಳಗಿನ ಬಲಗಡೆಯ ಕೊನೆಯ ದವಡೆ ಹಲ್ಲಿಗೆ ಎಂದೋ ತುಂಬಿಸಿದ್ದ ಸಿಮೆಂಟು ಬಿದ್ದುಹೋಗಿತ್ತು. ಡಬ್ಬಿ ಬರಲು ಒಂದು ತಿಂಗಳಿರುವಾಗ ನೋವು ಶುರುವಾಯಿತು. ನಾನು ಕಲಿತದ್ದನ್ನೆಲ್ಲ ಮಾಡಿದೆ. ಬೆಚ್ಚನೆಯ ಉಪ್ಪುನೀರು, ಹತ್ತಿಯ ತುದಿಗೆ ಒಂದೇ ಹನಿ ಲವಂಗದ ಎಣ್ಣೆ, ಆ ಕಡೆ ಅಗಿಯಬೇಡವೆಂಬ ಎಚ್ಚರಿಕೆ, ನುಂಗುವುದಕ್ಕೆ ನೋವಿನ ಮಾತ್ರೆ. ಮಾತ್ರೆಯನ್ನು ವಸಡಿನ ಮೇಲಿಟ್ಟು ಬಾಯಿ ಸುಟ್ಟುಕೊಂಡವರನ್ನು ನೋಡಿದ್ದೆ, ಅದಕ್ಕೆ ಎದುರಿಗೇ ನಿಂತು ನುಂಗಿಸುತ್ತಿದ್ದೆ. ಅವಳಿಗೆ ಒಂಬತ್ತನೆಯ ಪಾಳಿ ಸಿಕ್ಕಿತ್ತು.

ಡಬ್ಬಿ ಬರುವ ನಾಲ್ಕು ದಿನ ಮುಂಚೆ ನೋವು ನಿಂತುಹೋಯಿತು. ಆ ಹೊತ್ತಿಗೆ ಎದುರುಮನೆಯ ಫಕೀರಸಾಬ ನದಾಫ ಹಲ್ಲುನೋವಿನಿಂದ ಗೋಡೆಗೆ ತಲೆ ಒತ್ತಿಕೊಂಡು ಕೂರುತ್ತಿದ್ದ, ಅವನಿಗೆ ಪಾಳಿ ಸಿಕ್ಕಿರಲಿಲ್ಲ. ಸಂಜೆ ಮಗ್ಗದಿಂದ ಎದ್ದು ಬಂದ ಶಿವಲೀಲಾ ಹೇಳಿದಳು: "ನೋವು ನಿಂತೈತಿ ಯವ್ವಾ. ನನ್ನ ಪಾಳಿ ಫಕೀರಕಾಕಾಗ ಕೊಟ್ಟುಬಿಡು."

ಬಾಯಿಗಾರ್ತಿಯಾದ ನಾನು ಕನ್ನಡಿ ಹಿಡಿದು ನೋಡಿದೆ. ಊತವಿರಲಿಲ್ಲ. ಹಲ್ಲು ಬೂದಿ ಬಣ್ಣಕ್ಕೆ ತಿರುಗಿತ್ತು. ಒಳಗಿನ ನರ ಸತ್ತಾಗಲೂ ನೋವು ನಿಲ್ಲುತ್ತದೆ, ಕೀವು ಮಾತ್ರ ಸದ್ದಿಲ್ಲದೆ ಕೆಳಗಿಳಿಯುತ್ತಿರುತ್ತದೆ ಎಂದು ಡಬ್ಬಿಯ ಡಾಕ್ಟರೊಬ್ಬರು ಹಿಂದೊಮ್ಮೆ ನನಗೆ ಬಿಡಿಸಿ ಹೇಳಿದ್ದರು. ನನಗೆ ಅದು ಗೊತ್ತಿತ್ತು, ಮುತ್ಯಾ. ಆದರೆ ಗೋಡೆಯ ಮೇಲೆ ನೀವಿದ್ದಿರಿ. ಅಂದಾನೆಪ್ಪನ ಮನೆತನದ ಬಾಯಿಗಾರ್ತಿ ತನ್ನ ಮಗಳಿಗೆಂದು ಪಾಳಿ ಬಿಗಿಹಿಡಿದಳು ಎನ್ನಿಸಿಕೊಳ್ಳುವುದು ನನ್ನಿಂದಾಗಲಿಲ್ಲ. ಕೊಟ್ಟೆ. ಓಣಿಯವರು ಕೈಮುಗಿದರು. ಆ ಸಂಜೆ ಶಿವಲೀಲಾ ಎರಡು ರೊಟ್ಟಿ ಹೆಚ್ಚಿಗೆ ಉಂಡಳು. ಅವಳ ಮುಖದ ಗೆಲುವನ್ನು ಕಂಡು, ಕೊಟ್ಟ ಸಂತೋಷ ಎಂದುಕೊಂಡೆ.

ಡಬ್ಬಿ ಹೊರಟುಹೋದ ಹತ್ತೊಂಬತ್ತನೆಯ ದಿನ ಅವಳ ದವಡೆಯ ಕೆಳಗೆ ಬಾವು ಬಂತು. ಮಧ್ಯಾಹ್ನಕ್ಕೆ ಜ್ವರ. ಮರುದಿನ ಬಾಯಿ ಒಂದು ಬೆರಳು ಹೋಗುವಷ್ಟೂ ತೆರೆಯಲಿಲ್ಲ, ಉಗುಳು ನುಂಗಲಾಗದೆ ಸೆರಗಿಗೆ ಸುರಿಯುತ್ತಿತ್ತು. ಡಬ್ಬಿ ಆಗ ವಿಜಯಪುರದಲ್ಲಿತ್ತು. ಬಿಸಿಲುಗಾಡಿಯಲ್ಲಿ ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಹೊರಟೆವು. ಬಿಸಿಲಿನ ಶಕ್ತಿಯಿಂದ ಓಡುವ ಗಾಡಿ ಅದು, ಅಂದು ಮೋಡ ಕವಿದಿತ್ತು, ಎತ್ತಿನ ನಡಿಗೆಯಲ್ಲಿ ಹೋಯಿತು. ಅಣ್ಣಿಗೇರಿ ದಾಟುವ ಮೊದಲೇ ಬಾವು ಏರಿ ಅವಳ ಗಂಟಲು ಮುಚ್ಚಿಕೊಂಡಿತು. ನನ್ನ ಮಗಳು ನನ್ನ ತೊಡೆಯ ಮೇಲೆ ಉಸಿರಿಗೆ ಒದ್ದಾಡಿ ಸತ್ತಳು. ಹದಿನೈದು ದಿನಕ್ಕೆ ಅವಳ ಹೆಸರನ್ನು ಗೋಡೆಯಲ್ಲಿ ಕೆತ್ತಿದರು.

ಇಷ್ಟಾದರೂ ನಾನು ನಿಮ್ಮನ್ನು ದೂರಿರಲಿಲ್ಲ. ಹೋದ ತಿಂಗಳು ಸಭಾಮನೆಯ ಗೋಡೆಗೆ ಗೆದ್ದಲು ಹತ್ತಿ, ನಿಮ್ಮ ಚೌಕಟ್ಟನ್ನು ಒರೆಸಲು ನನ್ನ ಕೈಗೆ ಕೊಟ್ಟರು. ಹಿಂದಿನ ರಟ್ಟು ಬಿಚ್ಚಿದರೆ, ಗಾಜು ಅಲುಗದಿರಲೆಂದು ಮಡಿಸಿ ತುರುಕಿದ್ದ ಒಂದು ಹಾಳೆ ಸಿಕ್ಕಿತು. ಅದರಲ್ಲಿ, ಕೊಟ್ಟ ದಿನಕ್ಕೆ ಬರಲಾಗದೆಂದು ನೀವು ದವಾಖಾನೆಗೆ ಅದಕ್ಕೂ ಮೊದಲು ಕಳಿಸಿದ ಆರು ಮೆಸೇಜುಗಳಿವೆ. ಮೊದಲ ಸಲ ಮದುವೆಗೆ ಹೋಗಬೇಕೆಂದಿದ್ದೀರಿ. ಎರಡನೆಯ ಸಲ ಬಿ.ಪಿ. ಏರಿದೆ ಎಂದು. ಮೂರನೆಯದು ಅಮಾವಾಸ್ಯೆ. ನಾಲ್ಕನೆಯದಕ್ಕೆ ಬಸ್ಸು ಸಿಗಲಿಲ್ಲ, ದವಾಖಾನೆ ನಿಮ್ಮ ಮನೆಯ ಎದುರಿಗೇ ಇತ್ತಲ್ಲ ಮುತ್ಯಾ! ಐದನೆಯದು ಲವಂಗ ಇಟ್ಟು ಆರಾಮಾದದ್ದು. ಆರನೆಯದಕ್ಕೆ ಕಾರಣವೂ ಇಲ್ಲ, ಬರೀ 'ಮುಂದಿನ ವಾರ'. ಅದರ ಕೆಳಗೆ ಡಾಕ್ಟರ ಉತ್ತರವಿದೆ: "ನೀವು ಬಾಗಿಲ ತನಕ ಬಂದು ಹೊಳ್ಳಿ ಹೋದಿರಂತ ನಮ್ಮ ಸಿಸ್ಟರ್ ಹೇಳಿದ್ರು. ಅಂಜಬ್ಯಾಡ್ರಿ, ಬರ್ರಿ. ಸಾವಕಾಶ ನೋಡೂಣು." ಇದಾದ ಮೇಲೆ ನೀವು ಏಳನೆಯದನ್ನು ಕಳಿಸಿದಿರಿ. ನಾವು ಗಾಜು ಹಾಕಿಸಿ ಕೈಮುಗಿದದ್ದು ಅದಕ್ಕೆ.

ನಿಮಗೆ ಏನೂ ಆಗಲಿಲ್ಲ. ಬೊಚ್ಚುಬಾಯಿಯಾದರೂ ಎಂಬತ್ತೆರಡು ವರ್ಷ ಬದುಕಿದಿರಿ. ಅದೃಷ್ಟವಂತರು.

ಹಾಳೆಯನ್ನು ಮೊದಲು ತೋರಿಸಿದ್ದು ಫಕೀರಸಾಬನಿಗೆ. ಅವನು ದಿನಾ ಬಂದು ನಮ್ಮ ಕಟ್ಟೆಯ ಮೇಲೆ ಕೂರುತ್ತಾನೆ, ನನ್ನ ಮುಖ ನೋಡುವುದಿಲ್ಲ. ಡಬ್ಬಿಯಲ್ಲಿ ಹಲ್ಲು ಕೀಳಿಸಿಕೊಂಡು ಚೆನ್ನಾಗಿದ್ದಾನೆ. ಓದಿ, ಹಾಳೆಯನ್ನು ಮೊದಲಿನಂತೆಯೇ ಮಡಿಸಿ ನನ್ನ ಕೈಗಿಟ್ಟು, "ಅಕ್ಕಾ, ಇದನ್ನ ಯಾರಿಗೂ ಓದಿ ಹೇಳಬ್ಯಾಡ," ಎಂದ. "ಆಕಿ ದಾನಾ ಮಾಡ್ಯಾಳ ಅಂತ ನಾ ಉಣ್ಣಾಕತ್ತೀನಿ. ಅದೂ ಸುಳ್ಳು ಅಂದ್ರ ನನಗ ತುತ್ತು ಇಳಿಯಂಗಿಲ್ಲ."

ಅವನ ತಪ್ಪಿಲ್ಲ. ಆದರೂ ನಾಡಿದ್ದು ಅಮಾವಾಸ್ಯೆಗೆ ಏಳೂ ಮೆಸೇಜುಗಳನ್ನು ಓಣಿಯ ಮುಂದೆ ಓದುತ್ತೇನೆ. ನೋವಿದ್ದು ತಾನಾಗಿ ನಿಂತ ಹಲ್ಲಿಗೇ ಮೊದಲ ಪಾಳಿ ಎಂದು ಹೇಳುತ್ತೇನೆ. ಕಲ್ಲೆದೆಯವಳೆಂದು ಅನ್ನಲಿ. ನನ್ನಿಂದ ಚಮಚೆ, ಕನ್ನಡಿ ಕಸಿದುಕೊಳ್ಳಲಿ. ಗೋಡೆಯ ಮೇಲೆ ಇನ್ನೊಂದು ಮಗುವಿನ ಹೆಸರು ಬರಬಾರದು.

ಅಂಚೆ ಹಿಂದಕ್ಕೆ ಓಡುವುದಿಲ್ಲ, ಗೊತ್ತು. ಆದರೂ ಈ ಪತ್ರ ಹೇಗೋ ನಿಮ್ಮ ಕೈ ಸೇರಿದರೆ, ನೀವಿನ್ನೂ ಏಳನೆಯ ಮೆಸೇಜು ಕಳಿಸಿರದಿದ್ದರೆ, ನನ್ನ ಮಾತು ಕೇಳಿ. ಡಾಕ್ಟರು ಸಿಗುವುದು ತಡವಾದರೆ ಉಪ್ಪುನೀರು ಮುಕ್ಕಳಿಸಿ, ತಪ್ಪದೆ ಉಜ್ಜಿ, ಸಿಹಿ ಬಿಡಿ. ಅದೆಲ್ಲ ಕಾಯುವುದಕ್ಕೆ, ಹೋಗದೆ ಇರುವುದಕ್ಕಲ್ಲ. ಮುಖ ಅಥವಾ ಕತ್ತು ಊದಿದರೆ, ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ಹೋಗಿ. ಮತ್ತೆ, ಹೆದರಿಕೆಯಾದರೆ ಹೆದರಿಕೆ ಎಂದೇ ಬರೆಯಿರಿ. ಆ ಡಾಕ್ಟರು ಒಳ್ಳೆಯವರಿದ್ದರು.

ಶಿವಲೀಲಾ ಎಂಟು ವರ್ಷದವಳಿದ್ದಾಗ ಅವಳಪ್ಪನ ಜೊತೆ ಡಬ್ಬಿಗೆ ಹೋಗಿದ್ದಳು. ಅಪ್ಪನ ಹಲ್ಲು ಕೀಳುವುದನ್ನು ನೋಡಿ ಬಂದವಳು ಸಂಜೆಯ ತನಕ ಮಗ್ಗದ ಹಿಂದೆ ಅಡಗಿ ಕೂತಿದ್ದಳು. ಇದು ನನಗೆ ನೆನಪಾದದ್ದು ನಿಮ್ಮ ಆರನೆಯ ಮೆಸೇಜು ಓದಿದಾಗ. ಆ ಎರಡು ರೊಟ್ಟಿ ದಾನ ಮಾಡಿದ ಸಂತೋಷದ್ದಲ್ಲ, ಮುತ್ಯಾ. ಕುರ್ಚಿ ತಪ್ಪಿತಲ್ಲ ಎಂಬ ನೆಮ್ಮದಿಯದು. ನಿಮ್ಮ ರಕ್ತ. ನಮ್ಮ ಗೋಡೆಯ ಮೇಲೆ ದಾನಿಯ ಬದಲು ಹೆದರಿದ ಮುತ್ಯಾನೊಬ್ಬ ಇದ್ದಿದ್ದರೆ, ಅಂದು ಅವಳು ನನ್ನ ಮುಂದೆ "ಯವ್ವಾ, ನನಗ ಅಂಜಿಕಿ ಬರ್ತೈತಿ" ಎನ್ನಬಹುದಿತ್ತು. ನಾನು ಅವಳ ಕೈ ಹಿಡಿದು ಡಬ್ಬಿಯ ತನಕ ಕರೆದುಕೊಂಡು ಹೋಗುತ್ತಿದ್ದೆ.

ಇತಿ,
ಶಿವಲೀಲಾಳ ತಾಯಿ
ನೀಲಗಂಗಾ