ನಾನೇ ಕೊಟ್ಟ ಪ್ರಳಯದ ತಾರೀಖು

ಮಂಗಳವಾರ, ೧೧

ಅಕ್ಕ ಇವತ್ತೂ ಇನ್ಸುಲಿನ್ ಚುಚ್ಚಿಕೊಳ್ಳಲಿಲ್ಲ. ಇದು ಮೂರನೇ ದಿನ. ಶುಕ್ರವಾರ ಲೋಕವೇ ಮುಗಿಯುವಾಗ ಸೂಜಿ ಯಾಕಂತೆ.

ಆ ಶುಕ್ರವಾರವನ್ನು ಲೋಕಕ್ಕೆ ದಯಪಾಲಿಸಿದ ಮಹಾನುಭಾವ ನಾನೇ. ಹೋದ ತಿಂಗಳು ಅಂಕಣಕ್ಕೆ ವಿಷಯ ಸಿಗದೆ, ಪ್ರಳಯ ಹದಿನಾಲ್ಕನೇ ತಾರೀಖು ಸಂಜೆ ನಾಲ್ಕಕ್ಕೆ, ಕಚೇರಿಗಳಿಗೆ ಅರ್ಧ ದಿನ ರಜೆ ಎಂದು ಬರೆದಿದ್ದೆ. ಓದುಗರು ನಕ್ಕರು. ಅಕ್ಕನ ಪ್ರಾರ್ಥನಾ ಕೂಟದವರು ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಂಡರು.

ಮಧ್ಯಾಹ್ನ ಅವಳ ಅಡುಗೆಮನೆಯಲ್ಲಿ ಕೂತು ಗೋಗರೆದೆ. ಅವಳ ತುಟಿ ಒಣಗಿ ಬಿರಿದಿತ್ತು; ಎಷ್ಟು ನೀರು ಕುಡಿದರೂ ದಾಹ ಹೋಗುತ್ತಿರಲಿಲ್ಲ.

"ಅದು ತಮಾಷೆ ಕಣಕ್ಕಾ, ನಾನೇ ಕಟ್ಟಿದ್ದು. ಬೇಕಾದ್ರೆ ಪ್ರಳಯ ಮುಂದಕ್ಕೆ ಹೋಯ್ತು ಅಂತ ನಾಳೇನೇ ಬರೀತೀನಿ."

ಅವಳು ನನ್ನ ತಲೆ ಸವರಿದಳು. "ಪೆದ್ದು, ಅವತ್ತು ನಿನ್ನ ಕೈಲಿ ದೇವರು ಬರೆಸಿದ. ಇವತ್ತು ನೀನು ಹೆದರ್ಕೊಂಡು ಮಾತಾಡ್ತಿದೀಯ, ಅಷ್ಟೇ."

ಮೂವತ್ತು ವರ್ಷದಲ್ಲಿ ನನ್ನ ಬರಹವನ್ನು ಇಷ್ಟು ಪ್ರೀತಿಯಿಂದ ಯಾರೂ ನಂಬಿರಲಿಲ್ಲ.

ಬೆಳಗಾಗುತ್ತಲೇ ಡಾಕ್ಟರನ್ನು ಕರೆದುಕೊಂಡು ಹೋಗಬೇಕು. ಬಾಗಿಲು ತೆಗೆಯದಿದ್ದರೆ ಒಡೆಯಬೇಕು.

ಸಂಜೆ ಸಂಪಾದಕರ ಫೋನು: "ಆ ಪ್ರಳಯದ್ದು ಸಖತ್ತಾಗಿತ್ತು ಸ್ವಾಮಿ, ಅಂಥದ್ದೇ ಇನ್ನೊಂದು ಕೊಡಿ." ಆಗಿನಿಂದ ಕೂತಿದ್ದೇನೆ. ಒಂದು ಸಾಲು ಬರೆದರೂ ಅದನ್ನು ಯಾರು ನಂಬಿಬಿಡುತ್ತಾರೋ ಎಂದು ಬರೆದದ್ದನ್ನೆಲ್ಲ ಹೊಡೆದುಹಾಕುತ್ತಿದ್ದೇನೆ.