ವಾಪಸ್ ಓಡಿದವಳು

ಮಾರ್ಚ್ 2, ಭಾನುವಾರ

ಮತ್ತೆ ಬೆರ್ರಿಯೆಸಾ ಪಾರ್ಕು, ಮತ್ತೆ ಮಂಡಿಗೆ ಕ್ರೇಪ್ ಬ್ಯಾಂಡೇಜು. ಹೆಂಗಸರ ಫ್ಲ್ಯಾಗ್ ಫುಟ್‌ಬಾಲ್ ಟೀಮು ಸೇರಿ ತಿಂಗಳಾಯಿತು. ಸೊಂಟಕ್ಕೆ ಎರಡು ಪಟ್ಟಿ. ಚೆಂಡು ಕೈಯಲ್ಲಿ ಹಿಡಿದು ಎದುರಾಳಿಯ ಗೆರೆ ದಾಟುವವರೆಗೆ ಓಡಬೇಕು. ಎದುರಿನವರು ಪಟ್ಟಿ ಕಿತ್ತರೆ ಓಟ ಅಲ್ಲಿಗೇ ನಿಂತಿತು. ಮಂಗಳೂರಿನಲ್ಲಿ ಕಬಡ್ಡಿ ಆಡಿದವಳಿಗೆ ಇದೇನು ಮಹಾ. ಕಾಲು ಹಿಡಿದವರಿಂದಲೇ ಬಿಡಿಸಿಕೊಂಡು ಬರುತ್ತಿದ್ದೆ.

ಕೋಚ್ ಡೋರಿಸ್‌ಗೆ ಎಪ್ಪತ್ತನಾಲ್ಕು. ಎಪ್ಪತ್ತರ ದಶಕದಲ್ಲಿ ಇಲ್ಲಿ ಅಮೆರಿಕದಲ್ಲಿ ಹೆಂಗಸರ ಫುಟ್‌ಬಾಲಿನ ಸ್ಟಾರು — ಹೆಲ್ಮೆಟ್ಟು, ಡಿಕ್ಕಿ, ಎಲ್ಲಾ. ಈಗ ಎರಡೂ ಮಂಡಿ ಲೋಹದ್ದು. ಆದರೂ ನಮಗಿಂತ ಜೋರಾಗಿ ಕೂಗುತ್ತಾರೆ.

ಮಾರ್ಚ್ 9, ಸಂಜೆ

ಮೊದಲ ಮ್ಯಾಚು. ಚೆಂಡು ಹಿಡಿದೆ. ಇಬ್ಬರನ್ನು ತಪ್ಪಿಸಿ ಅವರ ನಡುವೆ ನುಗ್ಗಿದೆ. ಅಷ್ಟೇ... ಕಾಲು ತಾನಾಗಿ ಹಿಂದಕ್ಕೆ ತಿರುಗಿ ನಮ್ಮ ಕಡೆಗೇ ಓಡಿಬಿಟ್ಟಿತು. ಕಬಡ್ಡಿಯಲ್ಲಿ ಒಳಗೆ ಹೋಗಿ ವಾಪಸ್ ಬಂದರೆ ತಾನೇ ಪಾಯಿಂಟು. ನಮ್ಮದೇ ಗೆರೆಯ ಹಿಂದೆ ಚೆಂಡಿಟ್ಟು ಕೈಯೆತ್ತಿ ನಿಂತೆ. ಪಾಯಿಂಟು ಎದುರಾಳಿಗೆ ಹೋಯಿತು.

ಯಾರೋ ವಿಡಿಯೊ ಮಾಡಿ ಇಲ್ಲಿನ ಕನ್ನಡದವರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದಾರೆ.

"ನಲವತ್ಮೂರಕ್ಕೆ ಬೇಕಿತ್ತೇನೆ ಇದು? ಎಲ್ಲಾರೂ ನಗ್ತಿದಾರೆ," ಎಂದರು ಗಂಡ ಶೇಷಗಿರಿ. ಅವರೂ ನಗುತ್ತಲೇ ಇದ್ದರು.

ಮಗಳು ಲಾಸ್ಯಾ ನಗಲಿಲ್ಲ. "ಅಮ್ಮಾ, ಪ್ಲೀಸ್ ಜಸ್ಟ್ ಕ್ವಿಟ್." ಅದು ಹೆಚ್ಚು ನೋಯಿಸಿತು.

ಮಾರ್ಚ್ 23

ಎರಡು ವಾರ ಹೋಗಲಿಲ್ಲ. ಇವತ್ತು ಡೋರಿಸ್ ಮನೆಗೇ ಬಂದರು. ಸಮಾಧಾನ ಹೇಳುತ್ತಾರೆಂದುಕೊಂಡೆ. ಚಕ್ಕುಲಿ ತಿನ್ನುತ್ತಾ ತಮ್ಮ ಕಥೆ ಹೇಳಿದರು. ಆಗ ಜನ ನಗುವುದಕ್ಕೆಂದೇ ಟಿಕೆಟ್ ಕೊಂಡು ಬರುತ್ತಿದ್ದರಂತೆ. ಬಿಯರ್ ಕ್ಯಾನು ಎಸೆಯುತ್ತಿದ್ದರಂತೆ. ಆಡುತ್ತಾ ಹೋದ ಮೇಲೆ ಅದೇ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ಕೊನೆಗೆ ಲೀಗೇ ಮುಚ್ಚಿತು. ಆಮೇಲೆ ಹೊಟ್ಟೆಪಾಡಿಗೆ ಇವರು ಸ್ಕೂಲ್ ಬಸ್ಸು ಓಡಿಸಿದರಂತೆ.

"ಆಟ ನನ್ನನ್ನ ಬಿಡ್ತು. ನಾನು ಬಿಡ್ಲಿಲ್ಲ," ಎಂದು ಎದ್ದರು.

ಮಾರ್ಚ್ 29

"ನಾಳೆ ಶಿವಪ್ರಸಾದ್ ಮನೆ ಗೃಹಪ್ರವೇಶ, ನೆನಪಿದ್ಯಾ?" ಎಂದರು ಶೇಷಗಿರಿ.

"ನೀವು ಹೋಗ್ಬನ್ನಿ. ನಂಗೆ ಮ್ಯಾಚಿದೆ."

"ಮತ್ತೆ ವಿಡಿಯೊ ಮಾಡ್ತಾರೆ ಕಣೆ."

"ಮಾಡ್ಲಿ."

ನಗುವವರ ಮುಂದೆ ಎಡವಿ ಬೀಳಬಾರದಂತೆ. ಬಿದ್ದಾಗಿದೆ. ಇನ್ನು ಯಾರಿಗೆ ಹೆದರಲಿ?

ಮಾರ್ಚ್ 30, ಹಾಫ್‌ಟೈಮು, ಕಾರಿನಲ್ಲಿ

ದಾಟಿದೆ. ಅವರ ಗೆರೆಯನ್ನೇ ದಾಟಿದೆ. ಕಾಲು ಮತ್ತೆ ತಿರುಗೀತೆಂದು ನಿಲ್ಲದೆ ಬೇಲಿಯವರೆಗೂ ಓಡಿದೆ. ಬೇಲಿಯಾಚೆ ಫೋನು ಹಿಡಿದು ಲಾಸ್ಯಾ. ಗೃಹಪ್ರವೇಶಕ್ಕೆ ಹೋಗದೆ ಬಸ್ಸು ಹತ್ತಿ ಬಂದಿದ್ದಾಳೆ.

"ಅಮ್ಮಾ... ಐ ಫರ್ಗಾಟ್ ಟು ಹಿಟ್ ರೆಕಾರ್ಡ್."

ಅಳು ಬಂತು, ನಗುವೂ ಬಂತು. ವಿಡಿಯೊ ಇಲ್ಲದಿದ್ದರೇನು, ಇನ್ನೊಂದು ಸಲ ಗೆರೆ ದಾಟುತ್ತೇನೆ. ಡೋರಿಸ್ ಕಾರಿನ ಕಿಟಕಿ ಬಡಿಯುತ್ತಿದ್ದಾರೆ, ಆಟ ಮತ್ತೆ ಶುರುವಾಗಲು ಸೀಟಿ ಊದಿ—